ಒಂಟಿಯಾಗಿ ಬಿಡಬಾರದ ಪದ್ಯ

"ನೀವಾ...?"

ಗೋಕಾಕ ಫಾಲ್ಸಿನ ತೂಗುಸೇತುವೆಯ ತುದಿಯಲ್ಲಿ ವಿದ್ಯಾಳ ಕಾಲುಗಳು ನಿಂತುಬಿಟ್ಟವು.

ಕಾರಿನ ಕೀಲಿ ಹಿಡಿದು ನಿಂತಿದ್ದವನು ಶ್ರೇಣಿಕ. ಐದು ವರ್ಷದ ಹಿಂದೆ ಬಿ.ಎಸ್ಸಿ. ಪ್ರಯೋಗಾಲಯದಲ್ಲಿ ಅವಳ ಪಕ್ಕದ ಮೇಜಿನವನು. ಅಷ್ಟೇ ಆಗಿದ್ದರೆ ಎದೆ ಹೀಗೆ ಹೊಡೆದುಕೊಳ್ಳುತ್ತಿರಲಿಲ್ಲ!

"ಡ್ರೈವರ್‌ಗೆ ಜ್ವರ ಬಂದಾವ್ರಿ. ಕಾರ್ ನಂದ. ಮೂರ ದಿನ ನಾನ ಹೊಡಿತೇನಿ."

"ಬ್ಯಾರೆ ಡ್ರೈವರ್ ಸಿಗಲಿಲ್ಲೇನ್ರಿ?"

"ನಿಮ್ಮ ಹೆಸರ ನೋಡಿದ ಮ್ಯಾಲ ನಾನು ಹುಡುಕಲಿಲ್ರಿ."

ಅವಳು ಮುಖ ತಿರುಗಿಸಿದಳು. ಅತ್ತ ಜಪಾನಿನ ಇಬ್ಬರು ಕವಿಗಳು ನೀರಿನ ತುಂತುರಿಗೆ ಮುಖವೊಡ್ಡಿ ನಿಂತಿದ್ದರು. ಹೆಂಗಸು ಸೆತ್ಸು, ಗಂಡಸು ಇವಾವೊ, ಇಬ್ಬರಿಗೂ ಎಪ್ಪತ್ತು ದಾಟಿದೆ. ಮೂವತ್ತು ವರ್ಷಗಳಿಂದ ಜೊತೆಯಾಗಿ ಊರೂರು ತಿರುಗುತ್ತಿದ್ದಾರೆ. ಪುಣೆಯಲ್ಲಿ ಜಪಾನಿ ಕಲಿತ ವಿದ್ಯಾ ಈ ಪ್ರವಾಸಕ್ಕೆ ಅವರ ದುಭಾಷಿ.

ಇಬ್ಬರಿಗೂ ಒಂದೇ ಪುಸ್ತಕ. ಒಬ್ಬರು ಮೂರು ಸಾಲು ಬರೆದರೆ ಇನ್ನೊಬ್ಬರು ಅದಕ್ಕೆ ಎರಡು ಸಾಲು ಜೋಡಿಸುತ್ತಾರೆ. ಹನ್ನೆರಡು ಪದ್ಯಕ್ಕೆ ಒಂದು ಸರಪಳಿ ಮುಗಿಯುತ್ತದೆ. ಹೋದ ಊರಿನವರೊಬ್ಬರನ್ನು ಅದರಲ್ಲಿ ಸೇರಿಸಿಕೊಳ್ಳುವುದು ಅವರ ಪದ್ಧತಿ.

"ಈ ಹುಡುಗ ಸೇರಲಿ," ಎಂದು ಸೆತ್ಸು ಶ್ರೇಣಿಕನತ್ತ ಬೆರಳು ಮಾಡಿದರು. "ಇವನು ನೀರನ್ನು ನೋಡುತ್ತಿಲ್ಲ. ಏನನ್ನೋ ನೆನೆಯುತ್ತಿದ್ದಾನೆ."

ಅದನ್ನೂ ವಿದ್ಯಾಳೇ ಅವನಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಬೇರೆಯವರ ಮಾತನ್ನು ತನ್ನ ಬಾಯಿಂದ ಆಡುವುದೇ ಅವಳ ಕೆಲಸ. ತನ್ನ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ಎರಡನೆಯ ದಿನ ಮೂಡಲಗಿ. ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಹೊತ್ತು ಮುಳುಗಿತು. ಚಹಾದಂಗಡಿಯಲ್ಲಿ ಇವಾವೊ ಒಂದು ಕಪ್ಪನ್ನು ಶ್ರೇಣಿಕನ ಮುಂದಿಟ್ಟರು. ಅವನು ಕೈಮುಗಿದು ಹಿಂದೆ ಸರಿದ.

ಅಂದೂ ಹೀಗೇ ಕೈಮುಗಿದಿದ್ದ!

ಐದು ವರ್ಷದ ಹಿಂದೆ ಅಂಕಲಗಿಯ ಮನೆಗೆ ವಿದ್ಯಾಳ ಅವ್ವ ಸತ್ತೆವ್ವ ಅವನನ್ನು ಊಟಕ್ಕೆ ಕರೆದಿದ್ದಳು. ಬಸ್ಸು ಕೆಟ್ಟು ಅವನು ಬಂದಾಗ ದೀಪ ಹಚ್ಚಿಯಾಗಿತ್ತು. ರೊಟ್ಟಿ ಮುಟ್ಟಲಿಲ್ಲ. ಕೊಟ್ಟ ನೀರನ್ನೂ ಕುಡಿಯಲಿಲ್ಲ. ಹೀಗೇ ಕೈಮುಗಿದು ಹೊರಟುಹೋದ. "ನಾವು ಕುರಿ ಕಾಯೋ ಮಂದಿ. ಜೈನರ ಹುಡುಗ ನಮ್ಮ ಮನ್ಯಾಗ ಯಾಕ ಉಣ್ತಾನವ್ವಾ?" ಎಂದು ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಂಡಿದ್ದಳು. ವಾರದಲ್ಲೇ ವಿದ್ಯಾ ಪುಣೆಗೆ ಹೋದಳು, ಫೋನ್ ನಂಬರನ್ನೂ ಬದಲಿಸಿದಳು.

"ಇನ್ನೂ ಮಂದಿ ಕೊಟ್ಟದ್ದು ಕುಡಿಯೂದಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟಳು ವಿದ್ಯಾ.

"ಹೊತ್ತ ಮುಳುಗೇತ್ರಿ. ನೇಮ."

"ಸುಳ್ಳ! ಕಾಲೇಜ್ ಮುಂದ ಕತ್ತಲಾದ ಮ್ಯಾಲ ನನ್ನ ಜೋಡಿ ಎಷ್ಟ ಸಲ ಚಾ ಕುಡದಿಲ್ಲ ನೀ?"

ಶ್ರೇಣಿಕ ಎದ್ದು ಕಾರಿನತ್ತ ನಡೆದ.

ಮೂರನೆಯ ದಿನ ಹುಕ್ಕೇರಿ. ಇಳಿಹೊತ್ತಿನಲ್ಲಿ ಹಳೆಯ ಗುಮ್ಮಟದ ನೆರಳಲ್ಲಿ ನಾಲ್ವರೂ ಕುಳಿತರು. ಆರು ಗಂಟೆಗೆ ಕೊಲ್ಲಾಪುರದಿಂದ ಬೇರೆ ಕಾರು ಬರುತ್ತದೆ. ಕವಿಗಳ ಜೊತೆ ಅವಳೂ ಹೊರಡುತ್ತಾಳೆ.

'ಇನ್ನು ಎರಡು ತಾಸು... ಅಷ್ಟೇ!' ಅದು ಸಮಾಧಾನವೋ ಸಂಕಟವೋ, ಅವಳಿಗೇ ತಿಳಿಯಲಿಲ್ಲ.

"ಏಳನೆಯ ಪದ್ಯ," ಎಂದರು ಸೆತ್ಸು. "ಇಲ್ಲಿ ಒಲವು ಬರಲೇಬೇಕು. ಸರದಿ ಶ್ರೇಣಿಕನದು."

ಅವನು ಪೆನ್ನು ತೆಗೆದುಕೊಂಡ. ಮೂರು ಸಾಲು ಬರೆದು ಪುಸ್ತಕವನ್ನು ಅವಳತ್ತ ಸರಿಸಿದ. ವಿದ್ಯಾ ಅನುವಾದಕ್ಕೆಂದು ಓದಿದಳು:

*ದೀಪ ಹಚ್ಚಿದ ಮೇಲೆ*
*ನೀರೂ ಮುಟ್ಟದ ನಾಲ್ಕು ತಿಂಗಳು,*
*ಬೇಡಿದ್ದು ನಿನ್ನೊಬ್ಬಳನ್ನೇ.*

ಜಪಾನಿಯಲ್ಲಿ ಮೊದಲ ಸಾಲು ಹೇಳಿದಳು. ಎರಡನೆಯದನ್ನೂ ಹೇಳಿದಳು. ಮೂರನೆಯದನ್ನು ಬಿಟ್ಟು ಅವನತ್ತ ತಿರುಗಿದಳು.

"ಏನಿದು... ಶ್ರೇಣಿಕ?"

"ನಮ್ಮವ್ವ ಜಿನ್ನವ್ವ ಹಟಾ ಹಿಡದಿದ್ಳು. 'ಚಾತುರ್ಮಾಸ ಪೂರ್ತಿ ಹೊತ್ತ ಮುಳುಗಿದ ಮ್ಯಾಲ ನೀರ ಸುದ್ದಾ ಮುಟ್ಟಬ್ಯಾಡ. ಆಕಿಗೂ ಹೇಳಬ್ಯಾಡ. ಇಷ್ಟ ಮಾಡಿದ್ರ ಆ ಹುಡುಗಿನ್ನ ಸೊಸಿ ಅಂತೇನಿ' ಅಂದ್ಳು. ನಿಮ್ಮ ಮನಿಗೆ ಬಂದಾಗ ನೇಮ ಹಿಡದು ಒಂಬತ್ತ ದಿನ ಆಗಿತ್ತು."

ವಿದ್ಯಾ ಪುಸ್ತಕವನ್ನು ಕೆಳಗಿಟ್ಟಳು. ತನಗಾಗಿ ಬಿಟ್ಟ ನೀರನ್ನೇ ತಾನು ಅವಮಾನವೆಂದು ತಿಳಿದೆನಲ್ಲ!

"ಮುಗದ ಮ್ಯಾಲಾದ್ರೂ ಬರಬೇಕಿಲ್ಲ?"

"ಬಂದಿದ್ನಿ. ಹಗಲ ಹೊತ್ತಿನ್ಯಾಗ. ಬಾಗಲದಾಗ ನಿಮ್ಮವ್ವ 'ನಿನಗ ಇಲ್ಲಿ ಏನ ಕೆಲಸ' ಅಂದ್ರು. ತಪ್ಪ ಅವರದಲ್ಲ ಬಿಡು."

"ಅವ್ವ ನನಗ ಹೇಳಲೇ ಇಲ್ಲ..."

ಐದು ವರ್ಷ! ಯಾರ ಮೇಲೆ ಸಿಟ್ಟಾಗಬೇಕು? ತಾಯಿಗೆ ಮಾತು ಕೊಟ್ಟವನ ಮೇಲೋ, ಮಗಳಿಗಾಗಿ ನೊಂದವಳ ಮೇಲೋ? ಕಣ್ಣೀರು ಒಂದೇ ಸಮನೆ ಇಳಿಯಿತು.

ಸೆತ್ಸುಗೆ ಕನ್ನಡ ಬರುವುದಿಲ್ಲ. ಆದರೂ ಅವರು ಪೆನ್ನನ್ನು ವಿದ್ಯಾಳ ಕೈಗಿಟ್ಟರು.

"ನಾನು ಬರೀ ದುಭಾಷಿ, ಅಮ್ಮಾ..."

"ಒಲವಿನ ಪದ್ಯವನ್ನು ಒಂಟಿಯಾಗಿ ಬಿಡಬಾರದು. ಮುಂದಿನವರು ಒಲವಿನಿಂದಲೇ ಉತ್ತರಿಸಬೇಕು. ಇದು ನಮ್ಮ ಕಟ್ಟಳೆ."

"ನೀವಿಬ್ಬರು ಗಂಡ ಹೆಂಡತಿಯೇ?" ಕೇಳಬಾರದೆಂದುಕೊಂಡಿದ್ದ ಪ್ರಶ್ನೆ ಅವಳ ಬಾಯಿಂದ ಜಾರಿತು.

ಸೆತ್ಸು ನಕ್ಕರು. "ಅಲ್ಲ. ಆದರೆ ಇವರ ಒಂದು ಪದ್ಯವನ್ನೂ ನಾನು ಒಂಟಿಯಾಗಿ ಬಿಟ್ಟಿಲ್ಲ."

ಇವಾವೊ ಟೋಪಿ ಸರಿಪಡಿಸಿಕೊಳ್ಳುತ್ತ ಬೇರೆ ಕಡೆ ನೋಡಿದರು.

ವಿದ್ಯಾ ಕಣ್ಣೊರೆಸಿಕೊಂಡು ಎರಡು ಸಾಲು ಬರೆದಳು:

*ಆರಿದ ರೊಟ್ಟಿಯ ಮುಂದೆ*
*ಇನ್ನೂ ಕುಳಿತೇ ಇದ್ದೇನೆ ನಾನು.*

ಶ್ರೇಣಿಕ ಓದಿದ. ಮತ್ತೊಮ್ಮೆ ಓದಿದ.

"ನಾಲ್ಕ ತಿಂಗಳ ನೇಮ ಅಂದಿ," ಅವಳು ಮೆಲ್ಲಗೆ ಕೇಳಿದಳು. "ನಿನ್ನೆ ಮೂಡಲಗ್ಯಾಗ ಯಾಕ ಕುಡೀಲಿಲ್ಲ?"

"ಬೇಡಿದ್ದು ಸಿಕ್ಕಿರಲಿಲ್ಲಲ್ಲ. ಹೆಂಗ ಬಿಡ್ಲಿ?"

ಅವಳು ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಬಳಿಕ ಫೋನ್ ತೆಗೆದಳು.

"ಅವ್ವಾ, ರೊಟ್ಟಿ ಬಡಿ. ನಾಕ್ ಮಂದಿ ಬರಾಕತ್ತೇವಿ. ಅದ್ರಾಗ ಒಬ್ಬಾಂವ... ಐದ ವರ್ಷದಿಂದ ಹಸದಾನ." ಕೊಲ್ಲಾಪುರದ ಕಾರಿಗೂ ನಾಳೆ ಬರಲು ಹೇಳಿ, ಕವಿಗಳತ್ತ ತಿರುಗಿ ಜಪಾನಿಯಲ್ಲಿ ಎಲ್ಲ ತಿಳಿಸಿದಳು.

ಸೆತ್ಸು ಆಗಲೇ ಚೀಲ ಹೆಗಲಿಗೇರಿಸಿದ್ದರು. ಉಳಿದ ನಾಲ್ಕು ಪದ್ಯಗಳನ್ನು ಅಂಕಲಗಿಯಲ್ಲೇ ಬರೆಯೋಣ ಎಂದರು ಇವಾವೊ.

ಶ್ರೇಣಿಕ ಆಕಾಶ ನೋಡಿದ. "ಹೊತ್ತ ಮುಳುಗೂದ್ರಾಗ ಮುಟ್ತೇವೇನ್ ವಿದ್ಯಾ?"

"ಮುಟ್ಟಲಿಲ್ಲಂದ್ರ?"

"ಮುಂಜಾನಿ ಮಟಾ ನಿಮ್ಮ ಕಟ್ಟಿ ಮ್ಯಾಲ ಕುಂದರ್ತೇನಿ."

"ನಿನ್ನ ಒಬ್ಬಾಂವನ್ನ ಬಿಡೂದಿಲ್ಲ," ಎಂದಳು ವಿದ್ಯಾ. "ಕಟ್ಟಳಿ ಐತಿ."