ಅಗ್ಗದ ಮಂತ್ರ

“ನಿನ್ ಮಂತ್ರ ಮಾತ್ರ ಯಾವಾಗ್ಲೂ ಅಗ್ಗ ಕಣಮ್ಮಿ ಭಾನು. ಏನ್ ಸಮಾಚಾರ?” ಎಂದು ಫರ್ಹೀನ್ ಕಣ್ಣು ಮಿಟುಕಿಸಿದಾಗ ಭಾನುವಿನ ಮೈಯೆಲ್ಲ ಉರಿದುಹೋಯಿತು.

ಗುಂಡ್ಲುಪೇಟೆಯ ಫರ್ಹೀನ್ ಮನೆ ಮಹಡಿಯಲ್ಲಿ ಪ್ರತಿ ವಾರ ಈ ಆಟ. ಫರ್ಹೀನಳ ಅಣ್ಣ ಯಾಸಿರ್ ಕಥೆ ಹೇಳುತ್ತಾ ರಾಕ್ಷಸರನ್ನು ಛೂ ಬಿಡುತ್ತಾನೆ. ಉಳಿದ ಮೂವರು ಮಂತ್ರವಾದಿಗಳಾಗಿ ದಾಳ ಉರುಳಿಸಿ ಎದುರಿಸಬೇಕು. ಎಂಥ ಮಂತ್ರ ಬೇಕೆಂದು ಲ್ಯಾಪ್‌ಟಾಪಿನಲ್ಲಿ ಬರೆದರೆ, ಅದರ ಬಲ ಅಳೆದು, ಮಂತ್ರವಾದಿಯ ಆಯಸ್ಸಿನಲ್ಲಿ ಎಷ್ಟು ಕಳೆಯಬೇಕೆಂದು ಪ್ರೋಗ್ರಾಮೇ ಹೇಳುತ್ತದೆ. ಅದನ್ನು ಬರೆದವನು ಆ ಮೂವರಲ್ಲೊಬ್ಬ, ತೆರಕಣಾಂಬಿಯ ಮಹದೇವಪ್ರಸಾದ್.

ಭಾನುವಿಗೂ ಅವನ ಮೇಲೆ ಅನುಮಾನವಿತ್ತು. ಅವಳು ದಾಳ ಎತ್ತಿದಾಗ ಅವನು ಸ್ಕ್ರೀನ್ ನೋಡುವುದಿಲ್ಲ, ಅವಳ ಬೆರಳು ನೋಡುತ್ತಾನೆ. ಇವಳು ತಲೆಯೆತ್ತಿದರೆ ಕಳ್ಳ ಬೆಕ್ಕಿನ ಹಾಗೆ ಮುಖ ತಿರುಗಿಸುತ್ತಾನೆ. ಆ ನೋಟ ಹಿತವಾಗಿಯೇ ಇತ್ತು, ಸಂಕಟ ಬಂದದ್ದೂ ಅದರಿಂದಲೇ. ಇಲ್ಲಿಯವರೆಗೆ ಗೆದ್ದದ್ದು ತಾನೋ, ಇವನ ಕೃಪೆಯೋ? ಅದು ತಿಳಿಯದೆ ಇವತ್ತು ತನ್ನೂರು ಹಂಗಳದ ಬಸ್ಸು ಹತ್ತುವುದಿಲ್ಲ ಎಂದುಕೊಂಡಳು.

ಅಣ್ಣ ತಂಗಿ ಟೀ ತರಲು ಕೆಳಗಿಳಿದರು. ಪ್ರಸಾದ್ ಪಫ್ಸ್ ತರಲು ಬೇಕರಿಗೆ ಹೋದ. ಭಾನು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. ಫರ್ಹೀನ್ ಹೆಸರಿನಲ್ಲಿ ಒಂದು ಸಿಡಿಲಿನ ಮಂತ್ರ ಬರೆದಳು: ಅರ್ಧ ಆಯಸ್ಸು ಹೋಯಿತು. ಅದೇ ಮಂತ್ರವನ್ನು ತನ್ನ ಹೆಸರಿನಲ್ಲಿ ಬರೆದಳು: ಕೂದಲು ಕೊಂಕಲಿಲ್ಲ. ಕಳೆದದ್ದು ಪ್ರಸಾದನ ಮಂತ್ರವಾದಿಯ ಆಯಸ್ಸು!

ಪ್ರತಿ ಆಟದಲ್ಲೂ ಮೊದಲು ಸಾಯುವವನು ಅವನೇ. ಎಲ್ಲರೂ ನಗುತ್ತಿದ್ದರು, ಅವಳೂ ನಕ್ಕಿದ್ದಳು.

ಪಫ್ಸ್ ಪೊಟ್ಟಣ ಹಿಡಿದು ಬಂದ ಪ್ರಸಾದ್ ಬಾಗಿಲಲ್ಲೇ ನಿಂತುಬಿಟ್ಟ.

“ಯಾಕೋ ಹಿಂಗ್ ಮಾಡ್ಬುಟ್ಟೆ?”

“ಮೊದ್ಲು ಬಂದಿದ್ ದಿನ ಸೋತ್ಬುಟ್ಟು ನಿನ್ ಮುಖ ಬಾಡೋಯ್ತು. ಇನ್ ಬರದೇ ಇದ್ಬುಟ್ರೆ ಅಂತ ಭಯ ಆಯ್ತು ಕಣಮ್ಮಿ.”

“ಅದ್ಕೆ ನಾನ್ ಗೆದ್ದಿದ್ದೆಲ್ಲ ಸುಳ್ ಮಾಡ್ಬುಟ್ಯಾ?”

ಅವಳ ಕಣ್ಣು ತುಂಬಿತ್ತು. ಬ್ಯಾಗು ಹೆಗಲಿಗೇರಿಸಿದಳು. ಅವನು ತಡೆಯಲಿಲ್ಲ; ಪ್ರೋಗ್ರಾಂ ತೆರೆದು, ಅವಳ ಮಂತ್ರದ ಬೆಲೆಯನ್ನು ತನ್ನ ಮೇಲೆ ಹಾಕುತ್ತಿದ್ದ ಸಾಲನ್ನು ಅವಳ ಕಣ್ಣೆದುರೇ ಅಳಿಸಿದ.

“ನಿನ್ ಕಂಡ್ರೆ ನಂಗಿಷ್ಟ. ಬಾಯ್ಬುಟ್ಟು ಹೇಳಕ್ಕೆ ಧೈರ್ಯ ಬರ್ನಿಲ್ಲ, ಅದ್ಕೆ ಈ ಕಳ್ಳಾಟ ಆಡ್ಬುಟ್ಟೆ. ತಪ್ಪಾಯ್ತು.”

ಭಾನು ಬ್ಯಾಗು ಕೆಳಗಿಟ್ಟಳು. ಟೀ ಬಂದಾಗ ತಾನೇ ಫರ್ಹೀನಳಿಗೆ ಹೇಳಿದಳು: “ನೀನಂದಿದ್ದು ನಿಜ ಕಣೆ, ಅಗ್ಗವಾಗೇ ಇತ್ತು. ಈಗ ಸರಿಯಾಗ್ಯದೆ. ಆಡನ ಬಾ.”

ಅದೇ ಸಿಡಿಲಿನ ಮಂತ್ರ ಹಾಕಿದಳು. ಅರ್ಧ ಆಯಸ್ಸು ಹೋಯಿತು. ಯಾಸಿರ್ ಬಿಟ್ಟ ರಾಕ್ಷಸ ಉಳಿದರ್ಧವನ್ನು ಮುಗಿಸಿದ. ಅವಳ ಮುಖ ಬಾಡಿದ್ದು ಕಂಡು ಪ್ರಸಾದ್ ತಡೆಯಲಾರದೆ ಕುರ್ಚಿಯಿಂದ ಅರ್ಧ ಎದ್ದ.

ಅವಳು ಮೇಜಿನ ಕೆಳಗೆ ಅವನ ಕೈ ಹಿಡಿದು ಕೂರಿಸಿದಳು.

“ಸುಮ್ನೆ ಕೂತ್ಕೊ. ಸೋತ್ರೂ ಬತ್ತೀನಿ. ಮೊದ್ಲಿಂದ್ಲೂ ನಿನ್ನ ನೋಡಕ್ಕೇ ಕಣೋ ನಾನ್ ಬತ್ತಿದ್ದದ್ದು.”