ಕೇಳದೇ ಕಾದವರು

ಕೊಟ್ರಸ್ವಾಮಿ ಸರ್ ಮೊದಲ ಸಲ ನನ್ನ ಕ್ಲಾಸಿಗೆ ಬಂದ ದಿನವೇ ನನ್ನ ಬಾಯಿ ಮುಚ್ಚಿಸಿದರು. ಅದೂ ಮಕ್ಕಳ ಮುಂದೆ.

ನಮ್ಮ ಹಲವಾಗಲು ಶಾಲೆಯಲ್ಲಿ ಬಿಸಿಯೂಟ ಹೊಸದಾಗಿ ಶುರುವಾಗಿದ್ದ ಕಾಲ ಅದು. ನನ್ನ ಕ್ಲಾಸಿನಲ್ಲಿ ದುರ್ಗಾ ಅಂತ ಒಬ್ಬ ಹುಡುಗಿ ಇದ್ದಳು. ಹುಟ್ಟಿದಾಗಿನಿಂದ ಕೈಕಾಲು ಬಿಗಿ, ಮಾತು ಬರದು. ಇಂಥ ಮಕ್ಕಳಿಗೆ ಕಲಿಸೋದನ್ನೇ ಓದಿಕೊಂಡಿದ್ದ ಕೊಟ್ರಸ್ವಾಮಿ ಸರ್ ಹರಪನಹಳ್ಳಿಯಿಂದ ಪ್ರತಿ ಬುಧವಾರ ಬಸ್ಸಿಗೆ ಬರುತ್ತಿದ್ದರು. ಅವತ್ತು ಕಂಕುಳಲ್ಲಿ ಒಂದು ರಟ್ಟು ಇಟ್ಟುಕೊಂಡು ಬಂದರು. ಅದರ ಮೇಲೆ ಚೌಕ ಚೌಕವಾಗಿ ಚಿತ್ರಗಳು: ನೀರು, ಊಟ, ಅವ್ವ, ಮನಿ, ಟೀಚರ್, ಆಟ. ದುರ್ಗಾ ಯಾವುದರ ಮೇಲೆ ಬೆರಳಿಟ್ಟರೆ ಅದೇ ಅವಳ ಮಾತು.

ಏನು ಬೇಕವ್ವ ಅಂತ ಅವರು ಕೇಳಿದರು. ಅವಳ ಕೈ ಎದ್ದಿತು, ನಡುಗಿತು, ದಾರಿ ತಪ್ಪಿ ಮತ್ತೆ ಹೊರಟಿತು. ನನಗೆ ತಡೆಯಲಿಲ್ಲ. ನೀರು ಕೇಳ್ತಾಳ್ರಿ ಅಂದುಬಿಟ್ಟೆ.

"ನಿಮ್ಮನ್ನ ಕೇಳಿಲ್ರಿ ಟೀಚರ್," ಅಂದರು, ನನ್ನ ಕಡೆ ತಿರುಗಿಯೂ ನೋಡದೆ. "ಕೇಳಬೇಕು, ಆಮೇಲೆ ಕಾಯಬೇಕು. ಅಕಿ ಬೆರಳು ಮುಟ್ಟೋ ತನಕ ಯಾರೂ ಬಾಯಿ ತೆಗೀಬಾರದು."

ಬೆರಳು ಕೊನೆಗೂ ಆಟದ ಮೇಲೆ ಕೂತಿತು. ಮಕ್ಕಳು ಕಿಸಕ್ಕೆಂದರು. ನನ್ನ ಮುಖ ಮೆಣಸಿನಕಾಯಿ ಆಯಿತು.

ನಮ್ಮ ಮನೆಯಲ್ಲಿ ನನಗೆ ರೇಡಿಯೋ ಅಂತಲೇ ಹೆಸರು. ಭಾಗ್ಯ ಅಂತ ಯಾರೂ ಕರೆಯೋದಿಲ್ಲ. ಅಂಥವಳಿಗೆ ಸುಮ್ಮನೆ ಕೂರೋ ಶಿಕ್ಷೆ. ದುರ್ಗಾ ಬೆರಳು ಹೊರಟಾಗಲೆಲ್ಲ ನಾನು ತುಟಿ ಕಚ್ಚಿಕೊಂಡು ಏನನ್ನಾದರೂ ನೋಡಬೇಕಾಗುತ್ತಿತ್ತು. ಮೊದಮೊದಲು ಗೋಡೆ ನೋಡಿದೆ, ಕಿಟಕಿ ನೋಡಿದೆ. ಆಮೇಲೆ ಅವರನ್ನು ನೋಡತೊಡಗಿದೆ. ಕಾಯುವಾಗ ಅವರ ಹುಬ್ಬು ಸಣ್ಣಗೆ ಮೇಲೇರುತ್ತಿತ್ತು. ಬೆರಳು ಮುಟ್ಟಿದ ಕೂಡಲೇ ಕಣ್ಣಂಚಿಗೆ ನಗು ಬರುತ್ತಿತ್ತು, ತುಟಿಗೆ ಬರೋದು ಆಮೇಲೆ. ಒಂದು ಸಲ ಸಿಕ್ಕಿಬಿದ್ದೆ.

"ಬೆರಳು ಅಲ್ಲೈತ್ರಿ ಟೀಚರ್," ಅಂದರು ಮೆಲ್ಲಗೆ. ಅವರ ಕಿವಿಯೂ ಕೆಂಪಾಗಿತ್ತು ಅನ್ನೋದು ನನಗೆ ಸಮಾಧಾನ.

ನಾವೂ ರಟ್ಟಿನ ಮೇಲೆ ಬೆರಳಿಟ್ಟೇ ಮಾತಾಡಬೇಕು, ನಮ್ಮನ್ನು ನೋಡಿದರೆ ತಾನೇ ಅವಳೂ ಕಲಿಯೋದು ಅಂತ ಅವರ ಇನ್ನೊಂದು ಹಟ. ಹಾಗಾಗಿ ಇಬ್ಬರ ಕೈಗಳೂ ಒಂದೇ ರಟ್ಟಿನ ಮೇಲೆ ಓಡಾಡುತ್ತಿದ್ದವು. ಅಪ್ಪಿತಪ್ಪಿ ತಾಗಿದರೆ ನನಗೆ ಮುಂದಿನ ಬುಧವಾರದವರೆಗೂ ಪಾಠದಲ್ಲಿ ಮನಸ್ಸಿಲ್ಲ. ಬಸ್ಸಿನ ಹಾರ್ನ್ ಕೇಳಿದರೆ ಸಾಕು, ಸೀಮೆಸುಣ್ಣ ಮುರಿಯುತ್ತಿತ್ತು. ಅವರು ಮಾತ್ರ ಮನಸ್ಸಿನ ಒಂದು ಮಾತೂ ಆಡಲಿಲ್ಲ.

ಅಷ್ಟರಲ್ಲಿ ಅಪ್ಪ ಹಡಗಲಿಯ ಸಿಮೆಂಟ್ ಅಂಗಡಿ ಹುಡುಗನ ಕಡೆಯವರಿಗೆ ನನ್ನನ್ನು ನೋಡೋಕೆ ಬರಹೇಳಿದರು. ನಾನು ಬೇಕಂತಲೇ ಕೊಟ್ರಸ್ವಾಮಿಯವರ ಮುಂದೆ ಆ ಸುದ್ದಿ ತೆಗೆದೆ. ಏನಾದರೂ ಅಂತಾರೆ, ಮುಖವಾದರೂ ಸಪ್ಪಗಾಗುತ್ತೆ ಅಂತ ಕಾದೆ.

"ಹೌದಾ," ಅಂದರು. "ಒಳ್ಳೇದಾತು ಬಿಡ್ರಿ."

ಹಾಳಾಗಿ ಹೋಗ್ಲಿ ಅಂದುಕೊಂಡೆ. ಅವತ್ತೆಲ್ಲ ಮಕ್ಕಳಿಗೆ ಮಗ್ಗಿ ಹೇಳಿಸಿ ಹೇಳಿಸಿ ಗಂಟಲು ಹರಿಸಿದೆ.

ಮುಂದಿನ ವಾರ ದುರ್ಗಾ ಹೊಸ ರಗಳೆ ತೆಗೆದಳು. ಮಧ್ಯಾಹ್ನ ಊಟಕ್ಕೆ ಕೂರಿಸಿದರೆ ರಟ್ಟನ್ನೇ ನೆಲಕ್ಕೆ ತಳ್ಳಿಬಿಡುತ್ತಿದ್ದಳು. ಎತ್ತಿಕೊಟ್ಟರೆ ಮತ್ತೆ ತಳ್ಳುತ್ತಿದ್ದಳು. ಹೊಟ್ಟೆನೋವು, ಜ್ವರ ಅಂತ ನಾನು ಊಹೆ ಮಾಡಿದೆ. ಹೆಡ್ಮಾಸ್ಟರ್ ಶಿವಯೋಗಪ್ಪನವರು ಈ ರಟ್ಟಿನಾಟ ನಿಲ್ಲಿಸ್ರಿ ಅಂದರು. ಬುಧವಾರ ಕೊಟ್ರಸ್ವಾಮಿ ಬಂದು, ರಟ್ಟನ್ನು ತೊಡೆ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ನಾವೆಂಥಾ ಮಂದಿರಿ," ಅಂದರು. "ಕೇಳಾಕ ಎಲ್ಲಾ ಕೊಟ್ಟೀವಿ. ಒಲ್ಲೆ ಅನ್ನಾಕ ಒಂದು ಚೌಕಾನೂ ಕೊಟ್ಟಿಲ್ಲ."

ಕೆಂಪು ಸ್ಕೆಚ್ ಪೆನ್ನಿನಲ್ಲಿ ಒಂದು ದಪ್ಪ ಕತ್ತರಿ ಗುರುತು ಬರೆದರು: ಬ್ಯಾಡ. ಪಕ್ಕದಲ್ಲೇ ಹಸಿರಿನಲ್ಲಿ ಇನ್ನೊಂದು: ಬೇಕು. ದುರ್ಗಾ ಕೈ ಹೊರಟಿತು. ಬ್ಯಾಡದ ಮೇಲೆ ಕೂತು ಅಲ್ಲೇ ಒತ್ತಿಕೊಂಡಿತು. ಆಮೇಲೆ ಊಟ. ಆಮೇಲೆ, ತಡವಾಗಿ, ಟೀಚರ್.

ನಾನು ಉಣಿಸೋದು ಅವಳಿಗೆ ಬೇಡವಾಗಿತ್ತು. ದೊಡ್ಡ ದೊಡ್ಡ ತುತ್ತು ಇಟ್ಟು, ನುಂಗೋ ಮುಂಚೆ ಇನ್ನೊಂದು ತುರುಕುತ್ತಿದ್ದೆನಲ್ಲ! ಕಣ್ಣಲ್ಲಿ ನೀರು ಬಂತು, ನಗುವೂ ಬಂತು. ಅವತ್ತಿನಿಂದ ಅವಳ ಕ್ಲಾಸಿನ ಗೆಳತಿ ಅಂಜಿನಿ ಪಕ್ಕದಲ್ಲಿ ಕೂತು ಉಣಿಸಿದಳು, ದುರ್ಗಾ ಮುಷ್ಟಿ ಬಿಚ್ಚಿ ಉಂಡಳು.

ಆ ಕೆಂಪು ಚೌಕ ಮಾತ್ರ ಮನೆವರೆಗೂ ನನ್ನ ಬೆನ್ನು ಹತ್ತಿ ಬಂತು. ಇಷ್ಟು ಮಾತಾಡೋ ನಾನು ಆ ಒಂದು ಮಾತು ಅಪ್ಪನ ಮುಂದೆ ಯಾವತ್ತೂ ಆಡಿರಲಿಲ್ಲ. ಸಂಜೆ ಚಹಾ ಕೊಡುವಾಗ ಆಡಿದೆ.

"ಅಪ್ಪಾ, ಹಡಗಲಿಯೋರು ನನಗ ಬ್ಯಾಡ."

ಅಪ್ಪ ವೀರಭದ್ರಯ್ಯ ಲೋಟ ಕೆಳಗಿಟ್ಟು ಅವ್ವನ ಕಡೆ ನೋಡಿದರು. ಅವ್ವ ಬಿಡಲಿಲ್ಲ. ಮತ್ಯಾರು ಬೇಕು ಹೇಳು, ಬರೋ ವಾರ ಗುರುವಾರದ ತನಕ ನೋಡ್ತೀವಿ, ಇಲ್ಲಾಂದ್ರ ಶುಕ್ರವಾರ ಅವರೇ ಬರ್ತಾರ ಅಂದಳು. ಏನಂತ ಹೇಳಲಿ? ಕೇಳದ ಮನುಷ್ಯನ ಹೆಸರು ಹೇಗೆ ಹೇಳೋದು? ಆ ವಾರ ಅನ್ನ ರುಚಿಸಲಿಲ್ಲ, ಹಾಸಿಗೆ ಹಿಡಿಸಲಿಲ್ಲ, ಮೂರು ಮಕ್ಕಳ ಹೆಸರು ತಪ್ಪಾಗಿ ಕರೆದೆ.

ಬುಧವಾರ ಬಸ್ಸು ತಡ. ಅವರು ಬಂದಾಗ ಶಾಲೆ ಬಿಡೋ ಹೊತ್ತು. ಜಗಲಿಯಲ್ಲಿ ನಾನು, ನಡುವೆ ದುರ್ಗಾ, ಆಚೆಗೆ ಅವರು. ಹಡಗಲಿಯವರು ಬಂದಿದ್ರಾ ಅಂತ ರಟ್ಟು ನೋಡಿಕೊಂಡೇ ಕೇಳಿದರು. ಬ್ಯಾಡ ಅಂತ ಹೇಳೀನ್ರಿ ಅಂದೆ. ಅವರ ಹುಬ್ಬು ಮೇಲೇರಿತು. ಮತ್ತೆ ಅದೇ ಮೌನ. ನನಗೆ ರೇಗಿಹೋಯಿತು.

"ಸರ್, ಕೇಳಿ ಕಾಯಬೇಕು ಅಂದೋರು ನೀವ. ಈಗ ಕೇಳದನ ಕಾಯ್ಕೊಂತ ಕುಂತೀರಲ್ಲ, ಇದ್ಯಾವ ಸೀಮಿ ರೂಲ್ಸ್‌ರಿ?"

ಅವರು ಬೆಚ್ಚಿ ನೋಡಿದರು.

"ನಿಮ್ಮ ಬಾಯಾಗ ನಾನು ಮಾತು ತುರುಕಬಾರದು ಅಂತ..."

"ಕೇಳೋದು ತುರುಕೋದಲ್ರಿ."

ಅವರು ಬೆರಳು ಎತ್ತಿ ರಟ್ಟಿನ ಮೇಲಿಟ್ಟರು. ಟೀಚರ್. ಬೆರಳು ಅಲ್ಲಿಂದ ಎದ್ದು, ಮನಿ. ಬಾಯಲ್ಲೂ ಹೇಳಿದರು, "ನಮ್ಮ ಮನಿಗೆ ಬರ್ತೀರಾ? ನಾಳೆ ನಿಮ್ಮ ಅಪ್ಪಾರನ್ನ ಕೇಳಾಕ ಬರಲಾ?"

ನನ್ನ ಉತ್ತರ ತುಟಿಗೆ ಬಂದೇ ಬಿಟ್ಟಿತ್ತು. ಅಷ್ಟರಲ್ಲಿ ದುರ್ಗಾ ಕೈ ಎದ್ದಿತು. ರೂಲ್ಸ್ ರೂಲ್ಸೇ. ಇಬ್ಬರೂ ಬಾಯಿ ಮುಚ್ಚಿಕೊಂಡೆವು. ಆ ಕೈ ಅಲ್ಲಾಡಿತು, ನಿಂತಿತು, ಸುತ್ತು ಹಾಕಿತು. ಅವರು ಬೆವರುತ್ತಿದ್ದರು. ಕೊನೆಗೆ ಬೆರಳು ಮನಿ ಮೇಲೆ ಕೂತಿತು. ಗಂಟೆ ಬಾರಿಸಿ ಎಷ್ಟೋ ಹೊತ್ತಾಗಿತ್ತು, ಅವಳಿಗೆ ಮನೆಗೆ ಹೋಗಬೇಕಿತ್ತು.

ಇಬ್ಬರೂ ನಕ್ಕೆವು. ಕರ್ಕೊಂಡು ಹೋಗ್ತೀವವ್ವ ಅಂತ ಹೇಳಿದೆ. ಅವರು ನಗು ನಿಲ್ಲಿಸಿ ನನ್ನ ಕೈಯನ್ನೇ ನೋಡುತ್ತ ಕಾದರು. ನನ್ನ ಬೆರಳು ಕೆಂಪು ಚೌಕದ ಹತ್ತಿರ ಸ್ವಲ್ಪ ಆಡಿತು. ಅವರ ಮುಖದ ಬಣ್ಣ ಹೋಯಿತು. ಸತಾಯಿಸಿದ್ದು ಸಾಕು ಅನಿಸಿ ಹಸಿರಿನ ಮೇಲೆ ಇಟ್ಟೆ, ಒತ್ತಿ ಹಿಡಿದೆ.

ಇನ್ನೂ ಏನೋ ಬರಲಿಕ್ಕಿದೆ ಅನ್ನೋ ಹಾಗೆ ಅವರು ಕಾಯುತ್ತಲೇ ಇದ್ದರು.

"ಅಷ್ಟರಿ," ಅಂದೆ. "ನನ್ನ ಮಾತು ಮುಗೀತು."