ಬರೆಯದ ವಿಮರ್ಶೆಗೆ ಬಂದ ಧನ್ಯವಾದ

ಬುಧವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಠಾಣೆಗೆ ಬಂದ ನಿವೃತ್ತ ವಿಜ್ಞಾನಿಗೆ ವಯಸ್ಸು ಎಪ್ಪತ್ತು ದಾಟಿತ್ತು, ಕೋಪಕ್ಕೆ ಮಾತ್ರ ಇನ್ನೂ ಇಪ್ಪತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

“ನಾನು ಬರೆಯದೇ ಇರೋ ವಿಮರ್ಶೆಗೆ ನನಗೆ ಧನ್ಯವಾದ ಹೇಳ್ತಿದ್ದಾರೆ!”

ದಫೇದಾರರು ಪೆನ್ನು ಕೆಳಗಿಟ್ಟರು. “ಯಜಮಾನ್ರೇ, ನಿಮ್ಮ ಕೆಲಸ ಯಾರೋ ಪುಕ್ಕಟೆ ಮಾಡಿಕೊಟ್ಟಿದ್ದಾರೆ. ಅದಕ್ಕೂ ದೂರಾ?”

“ನಿಮ್ಮ ಹೆಸರಲ್ಲಿ ಇನ್ಯಾರೋ ಕೋರ್ಟಲ್ಲಿ ಸಾಕ್ಷಿ ಹೇಳಿಬಂದ್ರೆ ಸುಮ್ನಿರ್ತೀರಾ?”

ದಫೇದಾರರು ಪೆನ್ನು ಮತ್ತೆ ಕೈಗೆತ್ತಿಕೊಂಡರು. ಒಳಗಿನಿಂದ ಇನ್ಸ್‌ಪೆಕ್ಟರ್ ಮೇಡಂ ಎದ್ದು ಬಂದರು.

ವಿಷಯ ಇಷ್ಟು. ವಿಶ್ವವಿದ್ಯಾಲಯದವರು ಒಂದು ಪ್ರಬಂಧ ಬರೆದರೆ ಸಂಶೋಧನಾ ಪತ್ರಿಕೆಯ ಸಂಪಾದಕರು ಅದನ್ನು ವಿಷಯ ಬಲ್ಲ ಇಬ್ಬರಿಗೆ ಕಳಿಸುತ್ತಾರೆ. ಅವರು ಓದಿ ತಪ್ಪು ಒಪ್ಪು ಹೇಳಬೇಕು. ಕುಡಿಯುವ ನೀರಿನ ಟ್ಯಾಂಕುಗಳಲ್ಲಿ ಬೆಳೆಯುವ ಪಾಚಿಯ ಬಗ್ಗೆ ಒಬ್ಬ ಸಂಶೋಧಕಿ ಬರೆದ ಪ್ರಬಂಧಕ್ಕೆ ಈ ಹಿರಿಯರ ಹೆಸರಿನಲ್ಲಿ ಭರ್ಜರಿ ಶಿಫಾರಸು ಹೋಗಿತ್ತು. ಇ-ಮೇಲ್ ವಿಳಾಸ ನಕಲಿ. ಯಾವುದೋ ಸಭೆಯಲ್ಲಿ ಸಂಪಾದಕರು ಕೈ ಕುಲುಕಿ ವಿಮರ್ಶೆಗೆ ಧನ್ಯವಾದ ಹೇಳಿದಾಗಲೇ ಗುಟ್ಟು ರಟ್ಟಾದದ್ದು. ಅಪರಿಚಿತ ಆರೋಪಿಯ ಮೇಲೆ, ಬೇರೆಯವರ ಸೋಗು ಹಾಕಿ ವಂಚಿಸಿದ್ದಕ್ಕಾಗಿ ಎಫ್‌ಐಆರ್ ದಾಖಲಾಯಿತು.

ಅಪರಿಚಿತ ಅಂತ ಬರೆದದ್ದೇನೋ ಸರಿ, ಎಲ್ಲರ ಬೆರಳೂ ಸಂಶೋಧಕಿಯತ್ತಲೇ ಇತ್ತು. ಪ್ರಬಂಧ ಅವಳದ್ದು, ಅದನ್ನು ಪತ್ರಿಕೆಗೆ ಕಳಿಸಿದ ಖಾತೆಯೂ ಅವಳದ್ದೇ. ಸೋಮವಾರ ಅವಳಿಗೆ ಕಾಯಂ ಹುದ್ದೆಯ ಸಂದರ್ಶನ. ಅಷ್ಟರೊಳಗೆ ಹೆಸರು ಶುದ್ಧವಾಗದಿದ್ದರೆ ಬರುವುದೇ ಬೇಡ ಎಂದು ಕುಲಸಚಿವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಎಂಟು ವರ್ಷ ಟ್ಯಾಂಕು ಹತ್ತಿ ಇಳಿದವಳ ಪಾಡು ಇದು.

ಗುರುವಾರ ಅವಳು ಅತ್ತೆಯ ಜೊತೆ ಠಾಣೆಗೆ ಬಂದಳು.

“ವಿಮರ್ಶಕರ ಹೆಸರು ಕೊಟ್ಟಿದ್ದು ಯಾರು?” ಇನ್ಸ್‌ಪೆಕ್ಟರ್ ಕೇಳಿದರು.

“ಬರೆದವರೇ ಸೂಚಿಸಬೇಕು ಮೇಡಂ, ಆ ಪತ್ರಿಕೆಯ ಪದ್ಧತಿ. ಹೆಸರು, ವಿಳಾಸ ಎರಡನ್ನೂ ನಮ್ಮ ಗೈಡ್ ಪ್ರೊಫೆಸರು ಬಾಯಲ್ಲಿ ಹೇಳಿದ್ರು. ನಾನು ಟೈಪ್ ಮಾಡಿದೆ.”

“ನಿಮ್ಮ ಪ್ರೊಫೆಸರನ್ನ ಬೆಳಗ್ಗೆ ಫೋನಲ್ಲಿ ಕೇಳಿದೆ. ನಾನು ಯಾವ ಹೆಸರೂ ಹೇಳಿಲ್ಲ ಅಂದ್ರು.”

ಅತ್ತೆ ಮುಂದೆ ಬಾಗಿದರು. “ನೋಡಿ ಮೇಡಂ, ನನ್ನ ಅಡುಗೆ ಚೆನ್ನಾಗಿಲ್ಲ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳೋ ಸೊಸೆ ಇವಳು. ಸುಳ್ಳು ಹೇಳೋಕೆ ಬಂದಿದ್ರೆ ನಮ್ಮನೇಲಿ ಎಷ್ಟೋ ಶಾಂತಿ ಇರ್ತಿತ್ತು.”

ದಫೇದಾರರು ನಗು ತಡೆಯಲು ಕೆಮ್ಮಿದರು.

ನಕಲಿ ಖಾತೆ ಹುಟ್ಟಿದ್ದು ವಿಭಾಗದ ಸಾಮಾನ್ಯ ಕಂಪ್ಯೂಟರಿನಲ್ಲಿ ಎಂದು ಸೈಬರ್ ಘಟಕದಿಂದ ವರದಿ ಬಂತು. ಅದನ್ನು ಬಳಸದವರೇ ಇಲ್ಲ. ಆ ದಾರಿ ಅಲ್ಲಿಗೆ ಮುಚ್ಚಿತು. ಶುಕ್ರವಾರ ಇನ್ಸ್‌ಪೆಕ್ಟರ್ ಸಂಶೋಧಕಿಯನ್ನು ಮತ್ತೆ ಕರೆಸಿ, ವಿಮರ್ಶೆಯನ್ನು ಪ್ರಬಂಧದ ಪಕ್ಕ ಇಟ್ಟುಕೊಂಡು ಸಾಲು ಸಾಲಾಗಿ ಓದತೊಡಗಿದರು. ಪಾಚಿ ಅರ್ಥವಾಗಲಿಲ್ಲ, ಒಂದು ವಾಕ್ಯ ಮಾತ್ರ ಅರ್ಥವಾಯಿತು.

“‘ಮೂರನೇ ಕೋಷ್ಟಕದಲ್ಲಿ ಎರಡು ಟ್ಯಾಂಕುಗಳ ಅಂಕಿ ಅದಲುಬದಲಾಗಿವೆ, ಸರಿಪಡಿಸಬೇಕು.’ ಎಲ್ಲಿ ಆಗಿದೆಯಮ್ಮಾ ಅದಲುಬದಲು?”

“ಆಗಿಲ್ಲ ಮೇಡಂ. ಕರಡಲ್ಲಿ ಆಗಿತ್ತು. ಕಳಿಸೋ ದಿನ ಕಣ್ಣಿಗೆ ಬಿತ್ತು, ತಿದ್ದಿದೆ.”

“ಇಲ್ಲದ ತಪ್ಪು ತೋರಿಸಿದಾಗ ಅನುಮಾನ ಬರ್ಲಿಲ್ವಾ?”

“ವಿಮರ್ಶಕರು ಸರಿಯಾಗಿ ಓದಲ್ಲ ಅನ್ನೋದು ನಮ್ಮಲ್ಲಿ ಎಲ್ರಿಗೂ ಗೊತ್ತು. ‘ಸರಿಪಡಿಸಲಾಗಿದೆ, ಧನ್ಯವಾದಗಳು’ ಅಂತ ಬರೆದು ಕಳಿಸಿದೆ.”

“ಭಲೇ,” ಎಂದರು ದಫೇದಾರರು.

“ಕರಡು ಯಾರ್ಯಾರು ನೋಡಿದ್ರು?”

“ಗೈಡ್ ಒಬ್ರೇ. ಆಮೇಲೆ ತಿದ್ದಿದ್ದು ಅವರಿಗೆ ಹೇಳ್ಲಿಲ್ಲ. ಇಷ್ಟು ಸಣ್ಣದ್ರಲ್ಲಿ ಎಡವಿದೆನಲ್ಲ ಅಂತ ನಾಚಿಕೆಯಾಯ್ತು.”

ಅವಳು ಹೊರಗೆ ಹೋದ ಮೇಲೆ ದಫೇದಾರರು ತಲೆ ಕೆರೆದುಕೊಂಡರು. “ಈಕೆನೇ ಬರೆದಿದ್ರೆ, ತಾನೇ ತಿದ್ದಿದ ತಪ್ಪನ್ನ ಮತ್ಯಾಕೆ ಎತ್ತಿ ಆಡ್ತಾಳೆ ಮೇಡಂ?”

“ಅದೇ ನೋಡಿ. ಬರೆದವರು ಪ್ರಬಂಧ ಓದಿಲ್ಲ, ಕರಡು ಓದಿದ್ದಾರೆ. ಜೀಪು ತೆಗೆಸಿ.”

ಪ್ರೊಫೆಸರ ಕೊಠಡಿ ಅಚ್ಚುಕಟ್ಟಾಗಿತ್ತು. ಕಿಟಕಿಯಲ್ಲಿ ಹಸಿರು ನೀರು ತುಂಬಿದ ಸೀಸೆಗಳು, ಪ್ರತಿಯೊಂದಕ್ಕೂ ಚೀಟಿ. ಆತ ಮೆತ್ತಗಿನ ಮನುಷ್ಯ. ಬಂದವರಿಗೆ ತಾವೇ ಕುರ್ಚಿ ಎಳೆದರು.

“ಈ ವಿಮರ್ಶೆ ನೋಡಿದ್ದೀರಾ?”

“ಈಗಲೇ ನೋಡ್ತಿರೋದು.”

“ಮೂರನೇ ಕೋಷ್ಟಕದ ತಪ್ಪು ನಿಜಾನಾ?”

“ನಿಜ. ನಾನೂ ಗಮನಿಸಿದ್ದೆ.”

“ತೋರಿಸಿ.” ಇನ್ಸ್‌ಪೆಕ್ಟರ್ ಪತ್ರಿಕೆಗೆ ಹೋದ ಮೊದಲ ಪ್ರತಿಯನ್ನು ಮುಂದಿಟ್ಟರು.

ಪ್ರೊಫೆಸರು ಕನ್ನಡಕ ಒರೆಸಿ ಹಾಕಿಕೊಂಡರು. ಬೆರಳು ಸಾಲುಗಳ ಮೇಲೆ ಇಳಿಯಿತು, ಹತ್ತಿತು, ಮತ್ತೆ ಇಳಿಯಿತು. ತಪ್ಪು ಇದ್ದರೆ ತಾನೇ ಸಿಗುವುದು!

“ಕಳಿಸೋ ದಿನವೇ ತಿದ್ದಿದ್ದಾಳೆ ಸಾರ್. ಕರಡು ನೋಡಿದ್ದು ನೀವೊಬ್ಬರೇ, ತಿದ್ದಿದ್ದು ನಿಮಗೆ ಗೊತ್ತಿರಲಿಲ್ಲ.”

ಆತ ಮೇಜಿನ ಖಾನೆಯಿಂದ ಕರಡನ್ನು ತಾವಾಗಿಯೇ ತೆಗೆದುಕೊಟ್ಟರು. ಮೂರನೇ ಕೋಷ್ಟಕದ ಸುತ್ತ ಪೆನ್ಸಿಲ್ ಗುರುತಿತ್ತು. ಇಬ್ಬರು ಗುಮಾಸ್ತರು ಪಂಚರಾಗಿ ನಿಂತರು, ದಫೇದಾರರು ಪಂಚನಾಮೆ ಬರೆದರು.

“ತಪ್ಪು ಕಂಡ್ರೆ ಅವಳಿಗೆ ಹೇಳೋದಲ್ವಾ?”

“ಒಂದೂ ತಪ್ಪು ತೋರಿಸದ ವಿಮರ್ಶೆಯನ್ನ ಯಾರೂ ನಂಬಲ್ಲ ಮೇಡಂ. ಅದಕ್ಕೆ ಅದನ್ನ ಉಳಿಸಿಕೊಂಡೆ.”

“ಯಾಕೆ ಇದೆಲ್ಲ?”

ಆತ ಸೀಸೆಗಳತ್ತ ನೋಡಿದರು. “ಒಂದು ಕೆಲಸ ಒಳ್ಳೇದು ಅಂತ ಗೊತ್ತಾಗೋದು ಇನ್ನೊಬ್ರು ತಮ್ಮ ಪ್ರಬಂಧದಲ್ಲಿ ಅದನ್ನ ಉಲ್ಲೇಖಿಸಿದಾಗ. ಪಾಚಿಯ ಬಗ್ಗೆ ನಾನೊಂದು ಒಳ್ಳೇ ಪ್ರಬಂಧ ಬರೆದಿದ್ದೆ. ಹದಿನೇಳು ವರ್ಷದಲ್ಲಿ ಅದಕ್ಕೆ ಒಂದೇ ಉಲ್ಲೇಖ, ಅದೂ ನಾನೇ ಮಾಡಿಕೊಂಡದ್ದು. ಇವಳ ಕೆಲಸ ನಿಂತಿರೋದೇ ಅದರ ಮೇಲೆ. ಇವಳದ್ದು ಅಚ್ಚಾದ್ರೆ ನನ್ನದೂ ಬದುಕತ್ತೆ ಅನ್ನಿಸ್ತು.”

“ಮತ್ತೆ ಅವಳನ್ನೇ ಸಿಕ್ಕಿಸಿದ್ರಲ್ಲ?”

“ಹೆದರಿಬಿಟ್ಟೆ.” ಅಷ್ಟು ಹೇಳಿ ತಲೆ ತಗ್ಗಿಸಿದರು. ಸಂಜೆ ನಾಲ್ಕೂವರೆಗೆ ದಸ್ತಗಿರಿಯಾಯಿತು.

ಸಂಶೋಧಕಿಯ ಪಾತ್ರವಿಲ್ಲ ಎಂಬ ಪತ್ರವನ್ನು ಇನ್ಸ್‌ಪೆಕ್ಟರ್ ಅಂದೇ ಕುಲಸಚಿವರಿಗೆ ತಲುಪಿಸಿದರು. ಠಾಣೆಯ ಬೆಂಚಿನಲ್ಲಿ ಸುದ್ದಿ ಕೇಳಿದ ಅವಳು ಗೊಳೋ ಎಂದು ಅತ್ತಳು. ಅತ್ತೆ ಬೆನ್ನು ಸವರುತ್ತಾ, “ಅಯ್ಯೋ ಹುಚ್ಚಿ, ಈಗ ಯಾಕೆ ಅಳ್ತೀಯೇ,” ಎಂದು ತಾವೂ ಅತ್ತರು. ದಫೇದಾರರಿಗೂ ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು, ಹೇಳಿಕೊಳ್ಳಲಿಲ್ಲ ಅಷ್ಟೇ.

ಸೋಮವಾರದ ಸಂದರ್ಶನ ನಡೆಯಿತು. ಕೆಲಸವೂ ಸಿಕ್ಕಿತು. ಸಂಪಾದಕರು ಪ್ರಬಂಧವನ್ನು ತಾವೇ ಆರಿಸಿದ ಹೊಸ ಇಬ್ಬರಿಗೆ ಕಳಿಸಿದರು. ಅವರು ಯಾರೆಂದು ಯಾರಿಗೂ ಗೊತ್ತಿಲ್ಲ. ಎರಡು ತಿಂಗಳ ಮೇಲೆ ಅವಳು ಸಿಹಿ ಡಬ್ಬಿ ಹಿಡಿದು ಠಾಣೆಗೆ ಬಂದಳು. ಇಬ್ಬರೂ ಒಪ್ಪಿದ್ದರು.

“ಒಬ್ಬರು ಹೀಗೆ ಬರೆದಿದ್ದಾರೆ ಮೇಡಂ.” ಅವಳು ಓದಿದಳು. “‘ಇದಕ್ಕೆ ಆಧಾರವಾದ ಹಳೆಯ ಅಧ್ಯಯನ ಬಹಳ ಚೆನ್ನಾಗಿದೆ. ನಮ್ಮ ಕಣ್ಣಿಗೆ ಇಷ್ಟು ದಿನ ಯಾಕೆ ಬೀಳಲಿಲ್ಲವೋ. ನನ್ನ ಮುಂದಿನ ಪ್ರಬಂಧದಲ್ಲಿ ಉಲ್ಲೇಖಿಸುತ್ತೇನೆ.’”

ಇನ್ಸ್‌ಪೆಕ್ಟರ್ ಸಿಹಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು. “ಪ್ರೊಫೆಸರು ಜಾಮೀನಿನ ಮೇಲೆ ಮನೇಲಿದ್ದಾರೆ. ಗೊತ್ತಾ ಅವರಿಗೆ?”

“ಇಲ್ಲ.”

“ಹೇಳ್ತೀರಾ?”

“ಕೋಪ ಇನ್ನೂ ಇದೆ ಮೇಡಂ,” ಎಂದು ಅವಳು ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟಳು. ಬಾಗಿಲವರೆಗೆ ಹೋಗಿ ತಿರುಗಿ ನಿಂತಳು. “ಅವರ ಮನೆಗೆ ಯಾವ ಬಸ್ಸು ಹೋಗತ್ತೆ?”